ಆಲೂಗಡ್ಡೆ ಎಲೆಯ ಟೊಮೇಟೊ

ಚೆಂಡುಹೂವಿನ ನಾರು, ಅಂದರೆ ಎಳೆ ಸಸಿ, ತರೋಣ ಅಂತ ಹೋದವಳು ನಾನು. ಟೊಮೇಟೊ ಕಡೆ ತಿರುಗಿ ನೋಡೋ ಯೋಚನೆಯೇ ಇರಲಿಲ್ಲ. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗೋ ರಸ್ತೆಯಲ್ಲಿ ಒಂದು ನರ್ಸರಿ ಇದೆ. ನಮ್ಮ ಯಜಮಾನರಿಗೆ ಎಂದಿನಂತೆ ಗೇಟಿನ ಹತ್ತಿರವೇ ಯಾರೋ ಪರಿಚಯದವರು ಸಿಕ್ಕಿದರು, ಮಾತಿಗೆ ನಿಂತರು. ಅವರ ಮಾತು ಮುಗಿಯೋದು ಯಾವ ಕಾಲಕ್ಕೋ ಅಂತ ನಾನೊಬ್ಬಳೇ ಹಸಿರು ಬಲೆಯ ಚಪ್ಪರದ ಒಳಗೆ ಹೋದೆ. ಆಗಷ್ಟೇ ನೀರು ಹಾಕಿದ್ದರು. ಒದ್ದೆಯಾದ ಟೊಮೇಟೊ ಎಲೆಯ ವಾಸನೆ ಗೊತ್ತಲ್ಲ, ಘಾಟು ಅಂದರೆ ಘಾಟು, ಹಿತ ಅಂದರೆ ಹಿತ, ಅದು ಮುಖಕ್ಕೆ ಬಡಿಯಿತು. ಕಾಲು ತಾನಾಗೇ ಆ ಕಡೆ ಹೋಯಿತು.

ಅಲ್ಲಿ ಒಂದು ಸಾಲಿನ ಟ್ರೇಗಳು ಬೇರೆ ಥರ ಕಂಡವು. ಟೊಮೇಟೊ ಎಲೆ ಅಂದರೆ ಅಂಚೆಲ್ಲ ಹರಿದು ಹರಿದು ಇರಬೇಕು. ಇವುಗಳದ್ದು ಅಗಲ ಎಲೆ, ನುಣ್ಣನೆ ಅಂಚು, ಥೇಟ್ ಆಲೂಗಡ್ಡೆ ಗಿಡದ್ದೇ. ಒಂದು ಎಲೆ ಚಿವುಟಿ, ಉಜ್ಜಿ, ಮೂಸಿ ನೋಡಿದೆ. ಟೊಮೇಟೊನೇ. ಇಂಥ ಎಲೆಯ ಟೊಮೇಟೊ ನಾನು ಹಿಂದೆ ಒಂದೇ ಒಂದು ಸಲ ನೋಡಿದ್ದೆ.

"ಇದ್ಯಾವುದಪ್ಪ?" ಅಂತ ಅಲ್ಲಿ ಪೈಪು ಹಿಡಿದಿದ್ದವನನ್ನು ಕೇಳಿದೆ.

"ಹೊಸ ತಳಿ ಅಮ್ಮ. ಎಲ್ರೂ ಆಲೂಗಡ್ಡೆ ಅಂತ ಮೋಸ ಹೋಗ್ತಾರೆ. ಮಂಜಿಗೆ ಜಗ್ಗಲ್ಲ, ಅಂಗಮಾರಿ ರೋಗ ಹತ್ರ ಸುಳಿಯಲ್ಲ. ಗೌರಿಬಿದನೂರು ಶ್ರೀಧರಣ್ಣ ಕಳಿಸ್ತಾರೆ. ಮುಂಚೇನೇ ಹೇಳಿದೋರಿಗೆ ಮಾತ್ರ ಕೊಡೋದು."

"ಹೆಸರೇನಿಟ್ಟವ್ರೆ?"

"ಭಾರತಿ."

ಭಾರತಿ ನನ್ನ ವಾರಗಿತ್ತಿ, ಮೈದುನ ಮಂಜುನಾಥನ ಹೆಂಡತಿ. ಶ್ರೀಧರ ಅವಳ ಒಡಹುಟ್ಟಿದ ಅಣ್ಣ, ಬೀಜದ ಕಂಪನಿಯೊಂದರಲ್ಲಿ ಕೆಲಸ. ಇನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಚೆಂಡುಹೂವಿನ ನಾರು ತಗೊಳ್ಳದೆ ಬರಿಗೈಯಲ್ಲಿ ಬಂದು ಗಾಡಿ ಹತ್ತಿದೆ. "ಯಾಕೆ, ಚೆನ್ನಾಗಿರ್ಲಿಲ್ವಾ?" ಅಂದರು ಯಜಮಾನರು. "ನಡೀರಿ ಸುಮ್ನೆ" ಅಂದೆ. ನನ್ನ ದನಿ ಕೇಳಿ ಗಾಡಿ ಹೊರಡಿಸಿದರು.

ನಮ್ಮೂರು ಅಂಬಾಜಿದುರ್ಗದ ಮಗ್ಗುಲಲ್ಲಿದೆ. ಇದೆಲ್ಲ ಶುರುವಾಗಿದ್ದು ಕೆಲವು ವರ್ಷದ ಹಿಂದೆ. ಆ ವರ್ಷ ಕೊರೋನದ ಗಲಾಟೆ ಅಡಗಿ ಜನ ಮತ್ತೆ ಮದುವೆ ಮುಂಜಿ ಅಂತ ಓಡಾಡೋಕೆ ಶುರು ಮಾಡಿದ್ದರು. ಯಾವತ್ತೂ ತುಂಬದ ಕೆರೆಗಳೆಲ್ಲ ತುಂಬಿ ಕೋಡಿ ಹರಿದಿದ್ದವು. ಆಗ ನಮ್ಮದು ಒಂದೇ ಮನೆ, ಒಂದೇ ಒಲೆ. ಮಾವ ಹೋದ ಮೇಲೆ ಯಜಮಾನಿಕೆ ಅತ್ತೆಯದ್ದು. ಅಡುಗೆ ಒಂದು ವಾರ ನನ್ನದು, ಒಂದು ವಾರ ಭಾರತಿಯದ್ದು. ಹಬ್ಬಕ್ಕೆ ಸೀರೆ ತಂದರೆ ಇಬ್ಬರಿಗೂ ಒಂದೇ ಬೆಲೆಯದ್ದು. ತುಪ್ಪ ಕಾಸಿದರೆ ಇಬ್ಬರಿಗೂ ಸಮ. ಇದನ್ನೆಲ್ಲ ಪಾಲು ಮಾಡ್ತಿದ್ದವಳು ನಾನು, ದೊಡ್ಡ ಸೊಸೆ. ಒಂದು ದಿನವೂ ಕೈ ತಪ್ಪಿ ನನ್ನ ಕಡೆಗೆ ಹೆಚ್ಚು ಹಾಕಿಕೊಂಡವಳಲ್ಲ. ಇದನ್ನು ಊರಲ್ಲಿ ಯಾರನ್ನು ಬೇಕಾದರೂ ಕೇಳಿ.

ನಮ್ಮ ಜಮೀನಿನ ತುದಿಯಲ್ಲಿ ಉದ್ದಕ್ಕೆ ಒಂದು ಪಟ್ಟಿ ಇತ್ತು, ಹತ್ತು ಗುಂಟೆ ಇರಬಹುದು. ಅದರ ಪಕ್ಕಕ್ಕೇ ಮುನಿಶಾಮಣ್ಣನ ಹಿಪ್ಪುನೇರಳೆ ತೋಟ. ನಮ್ಮ ಸೀಮೆಯಲ್ಲಿ ಇದೊಂದು ಪಾಡು. ಟೊಮೇಟೊಗೆ ಔಷಧಿ ಹೊಡೆಯದೆ ಬೆಳೆ ಕೈಗೆ ಬರಲ್ಲ, ಆದರೆ ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಔಷಧಿ ಹೊಡೆಯೋ ಹಾಗಿಲ್ಲ. ಗಾಳಿಯಲ್ಲಿ ಒಂದು ತೊಟ್ಟು ಆ ಸೊಪ್ಪಿನ ಮೇಲೆ ಬಿದ್ದರೂ ಅದನ್ನು ತಿಂದ ರೇಷ್ಮೆ ಹುಳ ತಟ್ಟೆ ತಟ್ಟೆಯೇ ಸಾಯ್ತವೆ. ಹೀಗಾಗಿ ಆ ಪಟ್ಟಿ ಯಾರಿಗೂ ಬೇಡದ ಜಾಗ, ವರ್ಷ ವರ್ಷ ಬೀಳು ಬಿಡ್ತಿದ್ದರು. ಗಂಡಸರಿಗೆ ಬೇಡದ್ದು ತಾನೇ, ನಮಗಿರಲಿ ಅಂತ ನಾನು ಮತ್ತು ಭಾರತಿ ಕೇಳಿದೆವು. "ತಗೊಳ್ರಮ್ಮ, ಹೂವು ಗೀವು ಹಾಕ್ಕೊಳ್ಳಿ" ಅಂದರು.

ನಾವು ಹೂವು ಹಾಕಲಿಲ್ಲ. ಮಳೆ ಇನ್ನೂ ಬಿಡದ ಒಂದು ಭಾನುವಾರ ಚಿಕ್ಕಬಳ್ಳಾಪುರದ ಒಂದು ಛತ್ರದಲ್ಲಿ ಬೀಜಮೇಳ ಇತ್ತು. ಇಬ್ಬರೂ ಬಸ್ಸು ಹತ್ತಿ ಹೋದೆವು. ಅಲ್ಲಿ ಎಲ್ಲೆಲ್ಲಿಂದಲೋ ಬಂದ ಹೆಂಗಸರು ಮೇಜಿನ ಮೇಲೆ ಬೀಜ ಹರಡಿಕೊಂಡು ಕೂತಿದ್ದರು. ದುಡ್ಡು ಕಾಸಿನ ಮಾತಿಲ್ಲ. ಒಂದು ಹಿಡಿ ಬೀಜ ತಗೊಂಡವರು ಮುಂದಿನ ವರ್ಷ ತಮ್ಮ ಹೊಲದಲ್ಲಿ ಬೆಳೆದದ್ದು ಎರಡು ಹಿಡಿ ತಂದು ಕೊಡಬೇಕು, ಅಷ್ಟೇ ಕರಾರು. ನಾವು ಕಪ್ಪು ಟೊಮೇಟೊ ಬೀಜ, ನಿಂಬೆಹಣ್ಣಿನ ಬಣ್ಣದ್ದು, ಹಣ್ಣಾದರೂ ಹಸಿರು ಪಟ್ಟೆ ಉಳಿಯೋದು, ಹೀಗೆ ಪೊಟ್ಟಣ ಕಟ್ಟಿಸಿಕೊಂಡೆವು. ಒಳಗೆ ಹೊರಗೆ ನೇರಳೆ ಬಣ್ಣವಿರೋ ಆಲೂಗಡ್ಡೆ ಒಂದು ಚೀಲ ಸಿಕ್ಕಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಭಾರತಿ ನನ್ನ ತೋಳಿಗೆ ಆತುಕೊಂಡು, "ಅಕ್ಕ, ಮುಂದಿನ ವರ್ಷ ನಾವೂ ಒಂದು ಮೇಜು ಹಾಕ್ಕೊಂಡು ಕೂರ್‍ಬೇಕು ಕಣಕ್ಕ. ನಮ್ಮದೇ ಬೀಜ ಇಟ್ಕೊಂಡು" ಅಂದಳು. ನನಗೆ ಆ ಮಾತು ಎಷ್ಟು ಹಿಡಿಸಿತು ಅಂದರೆ, ಆ ವರ್ಷ ಪೂರ್ತಿ ನಾನು ಬದುಕಿದ್ದೇ ಆ ಮೇಜಿಗೋಸ್ಕರ.

ಮನೆಯಲ್ಲಿ ನಗೆಪಾಟಲು. "ಏಮೇ ಪದ್ಮಾ, ಕರೀ ಟೊಮೇಟೊ ಸಾರು ಕುಡಿದ್ರೆ ನಾವೂ ಕರ್‍ರಗಾಗಲ್ವೇನೇ?" ಅಂತ ಅತ್ತೆ. ಅವರ ತವರು ಆಂಧ್ರದ ಗಡಿ ಕಡೆ, ಮಾತಿನಲ್ಲಿ ಅರ್ಧ ತೆಲುಗು. ಮಂಜುನಾಥನಂತೂ ಊಟಕ್ಕೆ ಕೂತಾಗಲೆಲ್ಲ ಸೀಮೆಗಿಲ್ಲದ ಟೊಮೇಟೊ ಎಲ್ಲಿಗೆ ಬಂತು ಅಂತ ಕಿಚಾಯಿಸೋನು. ಭಾರತಿ ನನ್ನ ಮುಖ ನೋಡೋಳು, ನಾನು ಅವಳ ಮುಖ ನೋಡೋಳು, ಇಬ್ಬರೂ ನಗೋದು. ನಮ್ಮಿಬ್ಬರಲ್ಲಿ ಅಂಥ ಒಂದು ಸಲಿಗೆ ಇತ್ತು. ಅಕ್ಕತಂಗಿಯರಲ್ಲೂ ಅಷ್ಟು ಇರಲ್ಲ.

ಬೆಳಗಿನ ಕೆಲಸ ಮುಗಿಸಿ ಇಬ್ಬರೂ ಪಟ್ಟಿಗೆ ಹೋಗಿಬಿಡ್ತಿದ್ದೆವು. ಆಲೂಗಡ್ಡೆಯನ್ನು ಒಂದೊಂದು ತುಂಡಿಗೂ ಕಣ್ಣು ಬರೋ ಹಾಗೆ ಕೊಯ್ದು, ಬೂದಿಯಲ್ಲಿ ಹೊರಳಿಸಿ, ಸಾಲಿಗೆ ಮಣ್ಣು ಎತ್ತಿ ಊರಿದೆವು. ಅದರ ಪಕ್ಕಕ್ಕೆ ಟೊಮೇಟೊ ಸಾಲು. ಎರಡನ್ನೂ ಅಷ್ಟು ಹತ್ತಿರ ಹಾಕಬಾರದು, ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತೆ ಅಂತ ಮುನಿಶಾಮಣ್ಣ ಬದುವಿನ ಮೇಲೆ ನಿಂತು ಹೇಳಿದ. ಇರೋದೇ ಹತ್ತು ಗುಂಟೆ, ದೂರ ಅಂದರೆ ಎಲ್ಲಿಗೆ ಹೋಗೋಣ ಅಂದೆ. ನೀಲಗಿರಿ ಕಡ್ಡಿ ನೆಟ್ಟು, ದಾರ ಎಳೆದು, ಗಿಡ ಎತ್ತಿ ಕಟ್ಟಿದೆವು. ಸಂಜೆ ಮನೆಗೆ ಬಂದು ಕೈ ತೊಳೆದರೆ ನೀರು ಹಸಿರಾಗಿ ಹೋಗೋದು.

ಹಳದಿ ಟೊಮೇಟೊ ಸಾಲಿನಲ್ಲಿ ಒಂದು ದಿನ ಭಾರತಿ ಕಳೆ ಕೀಳ್ತಾ, "ಅಕ್ಕ, ಇಲ್ಲೊಂದು ಆಲೂಗಡ್ಡೆ ಗಿಡ ಎದ್ದದೆ, ಕಿತ್ತಾಕ್ಲಾ?" ಅಂದಳು. ಆಗಲೇ ಬುಡಕ್ಕೆ ಕೈ ಹಾಕಿದ್ದಳು. ತಡಿ ತಡಿ ಅಂತ ಹೋಗಿ ಎಲೆ ಉಜ್ಜಿ ಮೂಸಿದೆ. ಆಲೂಗಡ್ಡೆ ಎಲೆಗೆ ಮಣ್ಣು ಮಣ್ಣು ವಾಸನೆ, ಇದಕ್ಕೆ ಟೊಮೇಟೊ ಘಾಟು. "ಬಿಡೇ, ಇದು ಟೊಮೇಟೊ. ಯಾರ ಬೀಜದ ಜೊತೆ ಬೆರೆತು ಬಂತೋ ಏನೋ, ಇದ್ರೆ ಇರ್‍ಲಿ" ಅಂದೆ. ಆವತ್ತು ಅದಕ್ಕೆ ಹೆಚ್ಚಿನ ಬೆಲೆ ಯಾರೂ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಧನುರ್ಮಾಸದಲ್ಲಿ ಮಂಜು ಬಿತ್ತು. ಮಂಜು ನಮಗೆ ಹೊಸದಲ್ಲ, ಆದರೆ ಆ ವರ್ಷದ್ದು ಬೇರೆ. ನೆಲದಲ್ಲಿ ಮೊದಲೇ ತೇವ, ಮೇಲಿಂದ ಇದು. ಅಂಬಾಜಿದುರ್ಗ ದಿನಗಟ್ಟಲೆ ಕಣ್ಣಿಗೇ ಬೀಳಲಿಲ್ಲ. ಮಧ್ಯಾಹ್ನವಾದರೂ ಎಲೆ ಮೇಲಿನ ನೀರು ಆರದು. ಮೊದಲು ಆಲೂಗಡ್ಡೆ ಎಲೆಯಲ್ಲಿ ಬೀಡಿ ತಾಗಿಸಿದ ಹಾಗೆ ಕಪ್ಪು ಬೊಟ್ಟು ಕಾಣಿಸಿತು. ಎಲೆ ಮಗುಚಿದರೆ ಕೆಳಗೆ ಬೆಳ್ಳನೆ ಬೂಷ್ಟು. ಅಂಗಮಾರಿ. ಎರಡು ದಿನಕ್ಕೆ ಟೊಮೇಟೊ ಸಾಲಿಗೂ ದಾಟಿತು. ಊರಿನವರೆಲ್ಲ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೀತಿದ್ದರು. ನಮ್ಮ ಯಜಮಾನರೂ, "ನಾನು ಒಂದು ಸಲ ಹೊಡೆದುಬಿಡ್ತೀನಿ, ಸುಮ್ನೆ ಯಾಕೆ ಹಾಳು ಮಾಡ್ಕೋತೀರ?" ಅಂದರು.

ಅದೇ ದಿನ ಮುನಿಶಾಮಣ್ಣ ಬದುವಿಗೆ ಬಂದ. ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಹುಳ ಹಣ್ಣಾಗಿ ಗೂಡು ಕಟ್ಟೋ ಸಮಯ ಕಣ್ರಮ್ಮ. ಇನ್ನು ಒಂದು ವಾರ ಸೊಪ್ಪು ಬೇಕು" ಅಂದ. ಭಾರತಿ ನನ್ನನ್ನು ಕೇಳದೆಯೇ, "ಇಲ್ಲಣ್ಣ, ನಾವು ಹೊಡಿಯಲ್ಲ" ಅಂದುಬಿಟ್ಟಳು. ನನಗೆ ಅವಳ ಮೇಲೆ ಹೆಮ್ಮೆ ಅನ್ನಿಸಿತು. ನಾನಾಗಿದ್ದರೆ ಒಂದು ಗಳಿಗೆ ಯೋಚನೆ ಮಾಡ್ತಿದ್ದೆನೇನೋ.

ಔಷಧಿ ಹೊಡೆಯಲಿಲ್ಲ. ಕಪ್ಪು ಟೊಮೇಟೊ ಹೋಯಿತು, ಹಳದಿ ಹೋಯಿತು, ಪಟ್ಟೆಯದ್ದು ಒಂದೇ ವಾರದಲ್ಲಿ ಬೇಯಿಸಿದ ಸೊಪ್ಪಾಯಿತು. ಕಾಯಿಗಳು ಕಂದಿ, ಕೊಳೆತು, ನೆಲಕ್ಕೆ ಬಿದ್ದವು. ಆಲೂಗಡ್ಡೆ ಕೊಳೆಯೋಕೆ ಮುಂಚೆ ಅಗೆದೆವು, ಗೋಲಿ ಗಾತ್ರದವು ಸಿಕ್ಕವು. ಅವನ್ನೇ ತೊಳೆದು ಪಲ್ಯ ಮಾಡಿದರೆ ಬಾಣಲೆಗೆ ಶಾಯಿ ಚೆಲ್ಲಿದ ಹಾಗಿತ್ತು. ಅತ್ತೆ ಒಂದು ಹೋಳು ಬಾಯಿಗಿಟ್ಟು, "ಉರ್ಲಗಡ್ಡೇನೇ, ಆದ್ರೆ ವಿಷ ಏರಿದಂಗದೆ ನೋಡೋಕೆ" ಅಂತ ತಟ್ಟೆ ಪಕ್ಕಕ್ಕೆ ಸರಿಸಿದರು. ನಾನೂ ಭಾರತಿಯೂ ಹಟಕ್ಕೆ ಬಿದ್ದು ಪೂರ್ತಿ ತಿಂದೆವು. ರುಚಿಯಾಗೇ ಇತ್ತು.

ಆ ಸುಟ್ಟ ಸಾಲಿನ ಮಧ್ಯೆ ಒಂದು ಗಿಡ ನಿಂತಿತ್ತು. ಆಲೂಗಡ್ಡೆ ಎಲೆಯದ್ದು. ಸುತ್ತಲೂ ಎಲ್ಲ ಕರಿಕಲು, ಇದೊಂದು ಏನೂ ಆಗೇ ಇಲ್ಲ ಅನ್ನೋ ಹಾಗೆ ಹಸಿರಾಗಿ ಹೂ ಬಿಡ್ತಿತ್ತು. ಒಂದು ಬೆಳಿಗ್ಗೆ ನೋಡಿದವಳು ನಾನು. ಎಲೆ ಎಲೆ ಮಗುಚಿ ನೋಡಿದೆ, ಒಂದು ಬೊಟ್ಟಿಲ್ಲ. ಭಾರತೀ ಅಂತ ಕೂಗಿದೆ, ಓಡಿ ಬಂದಳು. ಇಬ್ಬರೂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಎಷ್ಟೋ ಹೊತ್ತು ಅದನ್ನೇ ನೋಡಿದೆವು. ಮುನಿಶಾಮಣ್ಣನೂ ಬಂದು ನೋಡಿ, ಔಷಧಿ ಮುಟ್ಟದೆ ಈ ಮಂಜು ದಾಟಿದ ಟೊಮೇಟೊ ನನ್ನ ಆಯಸ್ಸಿನಲ್ಲಿ ನೋಡಿಲ್ಲ ಅಂದ. ಆ ಗಿಡದ ಬೀಜ ಒಂದು ಉಳಿದರೆ ಸಾಕು, ನಾವು ಬೀಜಮೇಳಕ್ಕೆ ತಲೆ ಎತ್ತಿಕೊಂಡು ಹೋಗಬಹುದು ಅಂತ ಆಗಲೇ ನನ್ನ ಮನಸ್ಸು ಲೆಕ್ಕ ಹಾಕ್ತಿತ್ತು.

ಹಣ್ಣು ಬಂತು. ಅಂಗೈ ತುಂಬೋ ಗಾತ್ರ, ಮಾಸಲು ಗುಲಾಬಿ ಬಣ್ಣ, ತೊಟ್ಟಿನ ಸುತ್ತ ಹಸಿರು. ಮೊದಲ ಹಣ್ಣನ್ನು ಅಲ್ಲೇ ಬದುವಿನ ಮೇಲೆ ಉಗುರಲ್ಲಿ ಸೀಳಿ, ಅರ್ಧ ಅವಳಿಗೆ ಕೊಟ್ಟೆ, ಅರ್ಧ ನಾನು ತಿಂದೆ. ಹುಳಿ ಮೊದಲು, ಆಮೇಲೆ ಸಿಹಿ. ಭಾರತಿ ಬಾಯಿ ಒರೆಸಿಕೊಂಡು ಮತ್ತೆ ಗಿಡದ ಕಡೆ ನೋಡಿದಳು.

ಉಳಿದ ಒಳ್ಳೆ ಹಣ್ಣುಗಳನ್ನು ಬೀಜಕ್ಕೆ ಬಿಡಬೇಕು. ಬೀಜದ ಹಣ್ಣು ಗಿಡದಲ್ಲೇ ಪೂರ್ತಿ ಕಳಿಯಬೇಕು. ಅಷ್ಟು ದಿನ ಯಾರೂ ಕೀಳದ ಹಾಗೆ ಕಾಯೋದು ಹೇಗೆ? ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಫಸಲಲ್ಲಿ ಚೆಂದದ ಕಾಯಿ ನೋಡಿ ಅರಿಶಿನದ ದಾರ ಕಟ್ಟಿ ದೇವರಿಗೆ ಬಿಡ್ತಾರೆ. ಹುಣ್ಣಿಮೆಗೆ ಕೈವಾರಕ್ಕೆ ಯಾತ್ರೆ ಹೋಗೋರು ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಅಲ್ಲಿನ ಅನ್ನದಾನದ ಸಾರಿಗೆ ಕೊಡ್ತಾರೆ. ದಾರ ಕಟ್ಟಿದ ಕಾಯಿಯನ್ನು ಕಳ್ಳನೂ ಮುಟ್ಟಲ್ಲ. ಅದನ್ನೇ ನೆನೆಸಿಕೊಂಡು ನಾನು ಆ ಹಣ್ಣುಗಳ ತೊಟ್ಟಿಗೆಲ್ಲ ಅರಿಶಿನದ ದಾರ ಕಟ್ಟಿದೆ. ಇದು ದೇವರಿಗಲ್ಲ, ಬೀಜಕ್ಕೆ ಅಂತ ಮನೆಯವರೆಲ್ಲರಿಗೂ ಹೇಳಿದೆ. ಅತ್ತೆಗೂ ಹೇಳಿದೆ. ಭಾರತಿ ಪಕ್ಕದಲ್ಲೇ ನಿಂತು ದಾರ ಕತ್ತರಿಸಿ ಕೊಟ್ಟಳು.

ಅದೇ ವಾರ ತವರಲ್ಲಿ ತಂಗಿ ಮಗುವಿನ ನಾಮಕರಣ. ಹೋಗದಿದ್ದರೆ ಆಗಲ್ಲ. "ನೋಡ್ಕೊ ಕಣೇ, ಕೋತಿ ಗೀತಿ ಬಂದಾವು" ಅಂತ ಭಾರತಿಗೆ ಹೇಳಿ ಹೋದೆ. ಬಂದವಳು ಸೀರೆ ಕೂಡ ಬದಲಾಯಿಸದೆ ಪಟ್ಟಿಗೆ ಹೋದೆ. ಗಿಡ ಬೋಳು. ದಾರ ಕಟ್ಟಿದ್ದೂ ಇಲ್ಲ, ಕಟ್ಟದ ಎಳೆಗಾಯಿಯೂ ಇಲ್ಲ. ಕೋತಿ ಬಂದಿದ್ದರೆ ಕೊಂಬೆ ಮುರಿದಿರಬೇಕು, ಕಚ್ಚಿ ಬಿಸಾಕಿದ್ದಾದರೂ ಬಿದ್ದಿರಬೇಕು. ತೊಟ್ಟು ನೋಡಿದೆ, ಉಗುರಲ್ಲಿ ಚಿವುಟಿ ಕಿತ್ತ ಗುರುತು ಅಚ್ಚುಕಟ್ಟಾಗಿತ್ತು.

ನಾನು ಮನೆಗೆ ಬಂದು ಹಟ್ಟಿ ಕಿತ್ತುಹೋಗೋ ಹಾಗೆ ಕೂಗಾಡಿದೆ. ಸುಳ್ಳು ಯಾಕೆ ಹೇಳಲಿ, ನನ್ನ ಬಾಯಿ ಮೊದಲಿಂದಲೂ ಹಾಗೇ. ಯಾರು ಕಿತ್ತಿದ್ದು ಹೇಳಿ ಅಂದೆ. ಭಾರತಿ ಬಾಗಿಲಲ್ಲಿ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಅಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ ಅಂದರು, "ನಾನೇ ಕಣೇ ಕಿತ್ತಿದ್ದು. ಹುಣ್ಣಿಮೆ ಬಂದಿತ್ತು. ದಾರ ಕಟ್ಟಿದ್ದು ನೋಡಿ ಹರಕೇದು ಅಂದ್ಕೊಂಡೆ. ಕೈವಾರಕ್ಕೆ ಹೋಗೋರ ಚೀಲಕ್ಕೆ ಎಲ್ಲಾ ಹಾಕಿಬಿಟ್ಟೆ."

"ನಿಮಗೆ ಹೇಳಿದ್ನಲ್ಲ ಅತ್ತೆ, ಬೀಜಕ್ಕೆ ಅಂತ?"

"ಮರ್‍ತೋಯ್ತಮ್ಮ. ವಯಸ್ಸಾಯ್ತು. ಈಗೇನು, ದೇವರ ಸಾರಿಗೆ ಬಿತ್ತು, ನಾಕು ಜನ ಉಂಡರು. ಅದಕ್ಕೂ ಅಳ್ತೀಯಾ?"

ಆ ಮಾತಿಗೆ ಏನು ಹೇಳ್ತೀರ? ಕೈವಾರದ ಸಾರಿಗೆ ಹೋಗಿದ್ದನ್ನು ವಾಪಸ್ ಕೇಳೋಕಾಗುತ್ತಾ? ಯಾತ್ರೆಗೆ ಬಂದವರು ಉಂಡು ಹೋದ ಅನ್ನದ ಮೇಲೆ ಸಿಟ್ಟು ಮಾಡ್ಕೊಂಡರೆ ನಾನು ಮನುಷ್ಯಳಾ? ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಭಾರತಿ ಬಂದಳು, ನನ್ನ ಹೆಗಲ ಮೇಲೆ ತಲೆಯಿಟ್ಟು ನನಗಿಂತ ಜೋರಾಗಿ ಅತ್ತಳು. ನಾನೇ ಅವಳ ಬೆನ್ನು ಸವರಿ, ಅತ್ತೆ ಬೇಕೂಂತ ಮಾಡಿಲ್ಲ ಬಿಡೇ ಅಂತ ಸಮಾಧಾನ ಮಾಡಿದೆ.

ಮಾರನೇ ದಿನ ಇಬ್ಬರೂ ಸೇರಿ ಗಿಡದ ಬುಡದಲ್ಲೆಲ್ಲ ಹುಡುಕಿದೆವು, ಬಿದ್ದ ಹಣ್ಣು ಒಂದಾದರೂ ಸಿಕ್ಕೀತು ಅಂತ. ಅವಳು ಮಂಡಿಯೂರಿ ಮಣ್ಣು ಕೆದಕಿದಳು. ಈಗ ಅದನ್ನು ನೆನೆದರೆ ಮೈ ಉರಿಯುತ್ತೆ. ಬೇರೆ ಯಾವುದನ್ನಾದರೂ ಮರೆತೇನು, ಅವಳು ಹುಡುಕಿದ್ದನ್ನು ಮರೆಯಲ್ಲ. ಗಿಡ ಮತ್ತೆ ಹೂ ಬಿಡಲಿಲ್ಲ, ಶಿವರಾತ್ರಿ ಬಿಸಿಲಿಗೆ ಒಣಗಿತು. ಮುಂದಿನ ಮಳೆಗೆ ಅಲ್ಲಿ ತಾನಾಗೇ ಒಂದು ಸಸಿಯಾದರೂ ಏಳುತ್ತೇನೋ ಅಂತ ದಿನಾ ಹೋಗಿ ನೋಡಿದೆ. ಎದ್ದಿದ್ದು ಬರೀ ಪಾರ್ಥೇನಿಯಂ.

ಮತ್ತೆ ಬೀಜಮೇಳ ಬಂತು. ಎರಡು ಹಿಡಿ ಕೊಡಬೇಕಾದವಳ ಹತ್ತಿರ ಒಂದು ಕಾಳೂ ಇಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ? ಹೋಗಲಿಲ್ಲ. ಭಾರತಿ ಜ್ವರ ಅಂತ ಮಲಗಿದ್ದಳು. ಅದಾದ ಸ್ವಲ್ಪ ದಿನಕ್ಕೆ ಮಂಜುನಾಥನಿಗೆ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ ಆಯಿತು. ಗೌರಿಬಿದನೂರಲ್ಲಿ ಮನೆ ಮಾಡಿ ಹೋದರು. ಹೋಗುವಾಗ ಅವಳು ನನ್ನ ಕಾಲಿಗೆ ಬಿದ್ದಳು. ನಾನು ಮಡಿಲಕ್ಕಿ ಕಟ್ಟಿ ಕಳಿಸಿದೆ. ಆ ಪಟ್ಟಿಗೂ ಗಂಡಸರು ಹಿಪ್ಪುನೇರಳೆ ಹಾಕಿದರು, ಇನ್ನು ಔಷಧಿ ತಂಟೆ ಇಲ್ಲ ಅಂತ.

ಇಷ್ಟು ಹಿಂದಿನ ಕಥೆ. ನರ್ಸರಿಯಿಂದ ಬಂದ ಮಾರನೆಯ ದಿನವೇ ನಾನು ಗೌರಿಬಿದನೂರಿಗೆ ಹೊರಟೆ. ಫೋನ್ ಮಾಡಲಿಲ್ಲ. ಫೋನಿನಲ್ಲಿ ಸುಳ್ಳು ಹೇಳೋದು ಸುಲಭ, ಮುಖ ನೋಡಿ ಹೇಳಲಿ ಅಂತ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸುವಾಗ ಎಂಥೆಂಥ ಬೈಗುಳ ಜೋಡಿಸಿಕೊಂಡಿದ್ದೆನೋ, ಅವಳು ಬಾಗಿಲು ತೆಗೆದು "ಅಕ್ಕಾ" ಅಂದ ಕೂಡಲೇ ಎಲ್ಲ ಮರೆತುಹೋಯಿತು. ದಪ್ಪಗಾಗಿದ್ದಳು. ಚಾಪೆ ಹಾಸಿ ಕೂರಿಸಿ ಕಾಫಿಗೆ ಇಟ್ಟಳು.

"ಟೊಮೇಟೊ ನಾರು ನೋಡ್ದೆ ಭಾರತಿ. ಶಿಡ್ಲಘಟ್ಟದ ರಸ್ತೇಲಿ" ಅಂದೆ.

ಒಲೆ ಕಡೆ ಮುಖ ಮಾಡಿದ್ದವಳು ತಿರುಗಲಿಲ್ಲ. ಹಾಲು ಉಕ್ಕೋಕೆ ಬಂತು, ಉರಿ ಸಣ್ಣ ಮಾಡಿದಳು. "ಯಾವತ್ತಾದ್ರೂ ನೋಡ್ತೀಯ ಅಂತ ಗೊತ್ತಿತ್ತಕ್ಕ" ಅಂದಳು.

"ನೀನೇನಾ ಕಿತ್ತಿದ್ದು?"

"ಹ್ಞೂಂ."

ಇಲ್ಲ ಅಂತಾಳೆ, ಅಣ್ಣನ ಮೇಲೆ ಹಾಕ್ತಾಳೆ, ಅಳ್ತಾಳೆ ಅಂತೆಲ್ಲ ಅಂದುಕೊಂಡು ಬಂದಿದ್ದೆ. ಹ್ಞೂಂ ಅಂತ ಒಂದೇ ಸಲಕ್ಕೆ ಒಪ್ಪಿಕೊಂಡುಬಿಟ್ಟಳು. ಅಲ್ಲೀವರೆಗೂ, ಬೇರೆ ಏನಾದರೂ ಇರಬಹುದು, ನಾನೇ ತಪ್ಪು ತಿಳಿದಿರಬಹುದು ಅನ್ನೋ ಆಸೆ ಒಳಗೆಲ್ಲೋ ಇತ್ತು ಅಂತ ಆಗ ಗೊತ್ತಾಯಿತು.

"ನನ್ನ ಕೇಳಿದ್ರೆ ಕೊಡ್ತಿರ್ಲಿಲ್ವೇನೇ? ಅರ್ಧ ಬೀಜ ನಿಂದೇ ತಾನೇ?"

ಅವಳು ಲೋಟ ತಂದು ನನ್ನ ಮುಂದಿಟ್ಟು ಎದುರಿಗೆ ಕೂತಳು. "ನೀನು ಕೊಡ್ತಿದ್ದೆ ಅಕ್ಕ. ನೀನು ಯಾವತ್ತೂ ಕಮ್ಮಿ ಕೊಟ್ಟೋಳಲ್ಲ. ಅರ್ಧ ಸೀರೆ, ಅರ್ಧ ತುಪ್ಪ, ಅರ್ಧ ಅಡುಗೆಮನೆ. ಆ ಹಣ್ಣಲ್ಲೂ ಸೀಳಿ ಅರ್ಧ ನನ್ನ ಕೈಗಿಟ್ಟೆ. ನನಗೆ ಅರ್ಧ ಬೇಡವಾಗಿತ್ತು. ನನ್ನ ಹೆಸರಲ್ಲಿ ಪೂರ್ತಿ ಒಂದು ಏನಾದ್ರೂ ಇರಬೇಕಿತ್ತು. ನಿನ್ನ ಜೊತೆ ಮೇಜಿಗೆ ಕೂತಿದ್ರೆ ಪದ್ಮಮ್ಮನ ಟೊಮೇಟೊ ಅಂತಿದ್ರು ಜನ. ಪಕ್ಕದಲ್ಲಿ ನಾನೂ ಇದ್ದೆ ಅಂತ ಯಾರಿಗೆ ನೆನಪಿರ್‍ತಿತ್ತು?"

"ಹುಡುಕಿದ್ಯಲ್ಲೇ ನನ್ನ ಜೊತೆ. ಮಣ್ಣಲ್ಲಿ ಕೂತು ಹುಡುಕಿದ್ಯಲ್ಲ."

ಅವಳು ಸೆರಗಿನ ಅಂಚು ಮಡಚ್ತಾ ಕೂತಳು. ಆಮೇಲೆ, "ಒಂದೆರಡು ಟ್ರೇ ಕಳಿಸ್ಲಾ ಅಕ್ಕ? ಅಣ್ಣಂಗೆ ಹೇಳ್ತೀನಿ" ಅಂದಳು. ಆ ಮಾತು ಕೇಳಿ ನನಗೆ ಅವಳ ಮುಖಕ್ಕೆ ಕಾಫಿ ಎರಚಬೇಕು ಅನ್ನಿಸಿತು. ನನ್ನ ಗಿಡವನ್ನ ನನಗೇ ಉಡುಗೊರೆ ಕೊಡ್ತಾಳಂತೆ. ಎದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಅವಳು ಬಾಗಿಲ ಹತ್ತಿರ ಬಂದು ಮೆಲ್ಲಗೆ ಅಂದಳು, "ಆವತ್ತು ಕೈವಾರದ ಮಾತು ಹೇಳಿ ಅಂತ ನಾನು ಅತ್ತೆಗೆ ಹೇಳಿಕೊಟ್ಟಿದ್ದಲ್ಲಕ್ಕ. ನೀನು ತವರಿಗೆ ಹೋದಾಗ ಬಂದಿದ್ದ ಅಣ್ಣನ ಬೈಕಿನ ಡಿಕ್ಕೀಲಿ ನಾನು ಹಣ್ಣಿನ ಚೀಲ ಇಡೋದನ್ನ ಅವರು ನೋಡಿದ್ರು. ನಾನು ಬಾಯಿ ಬಿಡೋಕೆ ಮುಂಚೆ ಅವರೇ ಹೇಳಿಬಿಟ್ರು."

ವಾಪಸ್ ಬರೋ ಬಸ್ಸಿನಲ್ಲಿ ನನಗೆ ಭಾರತಿ ನೆನಪಾಗಲೇ ಇಲ್ಲ. ಅವಳು ಕದ್ದಳು, ಸರಿ. ಕದ್ದವಳಿಗೆ ಒಂದು ಆಸೆಯಾದರೂ ಇತ್ತು. ಅತ್ತೆಗೆ ನಾನೇನು ಮಾಡಿದ್ದೆ? ಮದುವೆಯಾಗಿ ಬಂದ ದಿನದಿಂದ ಅವರ ಕಾಲು ನೋವಿಗೆ ಎಣ್ಣೆ ಕಾಸಿದವಳು ನಾನು. ಮರೆತೋಯ್ತು ಅಂದಿದ್ದನ್ನು ನಂಬಿ, ಅಯ್ಯೋ ಮರೆವು ಬಂತು ಅಂತ ಇಷ್ಟು ವರ್ಷ ಅವರ ಮಾತ್ರೆ ನಾನೇ ನೆನಪಿಟ್ಟು ಕೊಡ್ತಿದ್ದೆ.

ಮನೆಗೆ ಬಂದಾಗ ಅತ್ತೆ ಊಟಕ್ಕೆ ಕಾಯ್ತಾ ಗೋಡೆಗೆ ಒರಗಿ ಕೂತಿದ್ದರು. ನಾನು ತಟ್ಟೆ ಇಡ್ತಾ ಕೇಳಿದೆ, "ಆ ಟೊಮೇಟೊ ಹಣ್ಣು ಭಾರತಿ ಕಿತ್ತಿದ್ದು ನಿಮಗೆ ಗೊತ್ತಿತ್ತಂತಲ್ಲ."

ಅವರು ಬೆಚ್ಚಲಿಲ್ಲ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಗೊತ್ತಿತ್ತು."

"ಮತ್ತೆ ನನಗ್ಯಾಕೆ ಸುಳ್ಳು ಹೇಳಿದ್ರಿ?"

"ನಿಜ ಹೇಳಿದ್ರೆ ನೀನು ಅವಳನ್ನ ಬಿಡ್ತಿದ್ಯಾ? ಅವಳು ಅವತ್ತೇ ಗಂಟು ಕಟ್ಕೊಂಡು ಹೋಗೋಳು, ಮನೆ ಎರಡಾಗೋದು."

"ಹೋದ್ಳಲ್ಲ ಈಗ. ಎರಡಾಯ್ತಲ್ಲ."

"ಆಯ್ತು. ಏನ್ ಮಾಡಣ." ತಟ್ಟೆಯ ಅಂಚು ಸೆರಗಿನಲ್ಲಿ ಒರೆಸಿ ಅಂದರು, "ಅವಳು ಮುನಿಸ್ಕೊಂಡ್ರೆ ಹೋಗಿಬಿಡ್ತಾಳೆ ಅಂತ ಭಯ ಇತ್ತಮ್ಮ. ನಿನ್ನ ಬಗ್ಗೆ ಭಯ ಇರ್ಲಿಲ್ಲ. ನಿನಗೆ ಏನು ಮಾಡಿದ್ರೂ ನಾಕು ದಿನ ಕೂಗಾಡ್ತೀಯ, ಆಮೇಲೆ ಇಲ್ಲೇ ಇರ್‍ತೀಯ."

ಅವರು ಅದನ್ನು ಚುಚ್ಚಿ ಹೇಳಲಿಲ್ಲ. ಹೊಗಳಿದ್ದೇನೆ ಅಂತಲೇ ಅಂದುಕೊಂಡಿದ್ದರು. ನಾನು ಸೌಟು ಕೈಯಲ್ಲಿ ಹಿಡಿದು ನಿಂತಿದ್ದೆ. ಏನಾದರೂ ಅನ್ನಬೇಕು, ಎದ್ದು ಹೋಗಬೇಕು, ಒಂದು ದಿನವಾದರೂ ಇವರು ತಾವೇ ಬಡಿಸಿಕೊಂಡು ಉಣ್ಣಲಿ ಅನ್ನಿಸಿತು. ಒಲೆ ಮೇಲೆ ಮಾರನೆಯ ದಿನದ ಹೆಸರುಕಾಳು ಬೇಯ್ತಿತ್ತು, ಕೊಟ್ಟಿಗೆಯಲ್ಲಿ ಹಸು ಕೂಗ್ತಿತ್ತು. ಅನ್ನ ಬಡಿಸಿ ಸಾರು ಹಾಕಿದೆ. ಅತ್ತೆ ಕಲಸಿ ಒಂದು ತುತ್ತು ಬಾಯಿಗಿಟ್ಟು, "ಇನ್ನೊಂಚೂರು ಹಾಕಮ್ಮ" ಅಂದರು. ಹಾಕಿದೆ.